ಧಾರೆಗೆ ಇಬ್ಬರು ಬೇಕು

“ಗುರುಗಳೇ, ಭಟ್ಟಿಯ ಬಾಗಿಲು ಹಾರುಹೊಡೆದಿತ್ತು. ಕಾವಲಿರಲಿಲ್ಲ. ಆದರೂ ಆಳುಗಳನ್ನು ಹಿಡಿದಿಟ್ಟು ದುಡಿಸಿದನೆಂದು ನಮ್ಮ ಸೋದರಮಾವನಿಗೆ ಮೂರು ವರ್ಷ ಸೆರೆಯಾಯಿತು. ಇದು ಯಾವ ನ್ಯಾಯ?”

ಕೇಳಿದವನು ಶಿಷ್ಯ ಈರಭದ್ರ. ಇಟ್ಟಿಗೆ ಭಟ್ಟಿಯ ಯಜಮಾನನಾದ ಆ ಮಾವನೇ ಅವನನ್ನು ಸಾಕಿ ಬೆಳೆಸಿದ್ದ. ಸುದ್ದಿ ಬಂದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. “ತೀರ್ಪು ಹೇಳಲು ನಾನೇನು ನ್ಯಾಯಾಧೀಶನಲ್ಲ. ನನಗೆ ಗೊತ್ತಿರುವುದು ಕತೆ. ಕೇಳು” ಎಂದು ಶುರುಮಾಡಿದರು.

ಒಂದು ರಾಜ್ಯದಲ್ಲಿ ಒಬ್ಬ ಕಲ್ಲುಗಣಿಯ ಧಣಿಯಿದ್ದ. ಮನಸ್ಸಿಲ್ಲದವರನ್ನು ಹಿಡಿದಿಟ್ಟು ದುಡಿಸಿದವನಿಗೆ ಸೆರೆವಾಸ ಎಂದು ಅರಸು ಕಟ್ಟಳೆ ಮಾಡಿದ. ಅದನ್ನು ಕೇಳಿದ ದಿನವೇ ಧಣಿ ಗಣಿಯ ಬಾಗಿಲಿನ ಬೀಗ ತೆಗೆಸಿದ. ಕಾವಲಿನವರನ್ನು ಕೆಲಸದಿಂದ ಬಿಡಿಸಿದ. ಹಬ್ಬಹರಿದಿನಕ್ಕೆ ಊರಿಗೆ ಹೋಗಿಬನ್ನಿ ಎಂದು ಆಳುಗಳಿಗೆ ತಾನೇ ಹೇಳಿದ. ಎಂಥ ಧರ್ಮಾತ್ಮ ನೋಡು. ಒಂದೇ ಒಂದು ಮಾತು ಸೇರಿಸಿದ. ಗಂಡ ಹೋದರೆ ಹೆಂಡತಿ ಗಣಿಯಲ್ಲಿರಬೇಕು, ಹೆಂಡತಿ ಹೋದರೆ ಗಂಡ ಇರಬೇಕು.

ಅಲ್ಲಿ ಒಬ್ಬ ಕಲ್ಲುಕುಟಿಗನೂ ಅವನ ಹೆಂಡತಿಯೂ ದುಡಿಯುತ್ತಿದ್ದರು. ಅವನು ಕಲ್ಲು ಒಡೆಯುವನು, ಅವಳು ಹೊರುವಳು. ಹನ್ನೊಂದು ವರ್ಷದಲ್ಲಿ ಅವಳು ಏಳು ಸಲ ತವರಿಗೆ ಹೋಗಿದ್ದಳು. ಅಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದ ಮಗಳಿಗೆ ತಲೆ ಬಾಚುವಾಗಲೂ ಅವಳ ಜೀವವೆಲ್ಲ ಗಣಿಯಲ್ಲಿದ್ದ ಗಂಡನ ಮೇಲೆಯೇ ಇರುತ್ತಿತ್ತು. ಹೇಳಿದ ದಿನಕ್ಕೆ ಸರಿಯಾಗಿ ಮರಳುತ್ತಿದ್ದಳು. ಅವನೂ ಹಾಗೆಯೇ. ಒಮ್ಮೆ ಪಕ್ಕದ ಗುಡಿಸಲಿನ ಗಂಡಹೆಂಡಿರು ಒಟ್ಟಿಗೆ ಬಾಗಿಲು ದಾಟಿದ್ದರು. ಧಣಿಯ ಕಡೆಯವರು ಅವರನ್ನು ಎಳೆದುತಂದು, ಎಲ್ಲರ ಕಣ್ಣೆದುರಿಗೇ ಹೊಡೆದು ಹಣ್ಣುಗಾಯಿ ನೀರುಗಾಯಿ ಮಾಡಿದರು. ಆಮೇಲೆ ಆ ಬಾಗಿಲ ಕಡೆಗೆ ಯಾರೂ ಜೋಡಿಯಾಗಿ ಸುಳಿಯಲಿಲ್ಲ.

ಮಗಳಿಗೆ ಮದುವೆ ಗೊತ್ತಾಯಿತು. ಧಾರೆ ಎರೆಯಲು ತಾಯಿತಂದೆ ಇಬ್ಬರ ಕೈಯೂ ಬೇಕು. ಹೆಂಡತಿ ಧಣಿಯ ಮುಂದೆ ಸೆರಗೊಡ್ಡಿ ಬೇಡಿದಳು. ‘ಯಾರಾದರೊಬ್ಬರು ಹೋಗಿ ಅಕ್ಷತೆ ಹಾಕಿ ಬನ್ನಿ. ಧಾರೆಯನ್ನು ನಿನ್ನ ಅಕ್ಕ, ಭಾವ ಎರೆಯಲಿ’ ಎಂದ ಧಣಿ. ಅವಳು ಗುಡಿಸಲಿಗೆ ಬಂದು ಒಲೆ ಹಚ್ಚದೆ ಕುಳಿತಳು. ಹೆತ್ತವರು ಬದುಕಿದ್ದೂ ಮಗಳನ್ನು ಇನ್ನೊಬ್ಬರ ಕೈಯಿಂದ ಒಪ್ಪಿಸಬೇಕೇ ಎಂದು ಅವಳಿಗೆ ಕರುಳು ಕಿತ್ತುಬಂದಂತಾಯಿತು.

ಮದುವೆಗೆ ನಾಲ್ಕು ದಿನವಿರುವಾಗ ಅರಸನ ಅಧಿಕಾರಿ ಗಣಿ ನೋಡಲು ಬಂದ. ಧಣಿ ತೆರೆದ ಬಾಗಿಲನ್ನು ತೋರಿಸಿದ. ಊರಿಗೆ ಹೋಗಿಬಂದವರನ್ನೆಲ್ಲ ಕರೆದು ನಿಲ್ಲಿಸಿದ. ‘ನೀವು ಮನಸ್ಸಿದ್ದು ಇಲ್ಲಿದ್ದೀರಾ?’ ಎಂದು ಅಧಿಕಾರಿ ಕೇಳಿದ. ಎಲ್ಲರೂ ಹೌದೆಂದರು. ಅಧಿಕಾರಿ ಸಂಜೆಗೆ ಹೊರಟುಹೋಗುವವನು, ಧಣಿ ಅಲ್ಲೇ ಇರುವವನು. ಕಲ್ಲುಕುಟಿಗನೂ ಹೌದೆಂದ. ಅವನ ಹೆಂಡತಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ‘ಮಗಳ ಮದುವೆ ಸ್ವಾಮಿ. ಧಾರೆಗೆ ನಾವಿಬ್ಬರೂ ಹೋಗಬೇಕು’ ಎಂದಳು.

ಅಧಿಕಾರಿಗೆ ಅದೇನು ದೊಡ್ಡ ಸಂಗತಿ ಅನ್ನಿಸಲಿಲ್ಲ. ‘ಅದಕ್ಕೇನಂತೆ, ಇಬ್ಬರೂ ಹೋಗಿಬರಲಿ’ ಎಂದ.

ಧಣಿಗೆ ಗಾಬರಿಯಾಯಿತು. ‘ಏನು ಹೇಳುತ್ತೀರಿ ಸ್ವಾಮಿ? ಇಬ್ಬರೂ ಹೋದರೆ ತಿರುಗಿ ಬರುತ್ತಾರೆಯೇ?’ ಎಂದುಬಿಟ್ಟ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅಧಿಕಾರಿ ಮತ್ತೇನೂ ಕೇಳಲಿಲ್ಲ. ಧಣಿಯನ್ನು ಸೆರೆಮನೆಗೆ ಕಳುಹಿಸಿದ. ಗಂಡಹೆಂಡಿರು ಒಟ್ಟಿಗೆ ಊರಿಗೆ ಹೋದರು, ಕೈಗೆ ಕೈ ಸೇರಿಸಿ ಮಗಳ ಧಾರೆ ಎರೆದರು.

ಗುರುಗಳು ಕತೆ ನಿಲ್ಲಿಸಿದರು.

“ಆಮೇಲೆ ಅವರು ಕೆಲಸಕ್ಕೆ ತಿರುಗಿ ಬಂದರೇ ಗುರುಗಳೇ?” ಎಂದ ಈರಭದ್ರ.

“ಧಣಿ ಕೇಳಿದ್ದೂ ಅದನ್ನೇ ಮಗೂ” ಎಂದರು ಗುರುಗಳು.

ಈರಭದ್ರ ತಲೆ ತಗ್ಗಿಸಿದ.