ಹವಳದ ಕೊಳ ಮತ್ತು ಸುಣ್ಣದ ಕೊಗ್ಗ

“ಕೇಳಿರಪ್ಪಾ ಕೇಳಿ! ರಾಜಕುಮಾರಿ ಹೊನ್ನಲದೇವಿಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಬರುವ ಅಮಾವಾಸ್ಯೆಗೆ ತಲೆದಂಡ. ಎದೆಗಾರಿಕೆ ಇದ್ದವರು ಅರಮನೆ ಬಾಗಿಲಲ್ಲಿಟ್ಟ ವೀಳ್ಯ ಎತ್ತಲಿ!”

ಡಂಗುರ ಹೊಡೆದದ್ದು ಪೇಟೆಯಲ್ಲಿ. ಅಳಿವೆಯಾಚೆ ಚಿಪ್ಪು ಸುಟ್ಟು ಸುಣ್ಣ ಮಾಡುವ ಕೊಗ್ಗನಿಗೆ ಅದು ಹೇಗೆ ಕೇಳಬೇಕು? ಗೋಡೆಗೆ ಬಳಿಯುವ ಸುಣ್ಣ ಹೊತ್ತು ಅರಮನೆಗೆ ಬಂದವನಿಗೆ ತಟ್ಟೆಯಲ್ಲಿ ಎಲೆ ಅಡಿಕೆ ಕಂಡಿತು. ಬಂದವರಿಗೆ ಇಟ್ಟ ಮರ್ಯಾದೆ ಅಂದುಕೊಂಡು, ತನ್ನದೇ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡುಬಿಟ್ಟ ಪುಣ್ಯಾತ್ಮ. ಕಾವಲುಗಾರರು ಹೆಗಲು ಹಿಡಿದು ಸಂಗತಿ ಹೇಳಿದಾಗ ರಸ ನುಂಗಲೂ ಆಗದೆ ಉಗುಳಲೂ ಆಗದೆ ನಿಂತ.

ಒಳಂಗಳದಲ್ಲಿ ಸಮುದ್ರದ ನೀರು ತುಂಬಿದ ಕಲ್ಲುಕೊಳ. ಅದರಲ್ಲಿ ರಾಜಕುಮಾರಿಯ ತೀರಿಹೋದ ತಾಯಿ ಸಾಕಿದ ಹವಳ ಬಣ್ಣಗೆಟ್ಟು ಸೊರಗುತ್ತಿತ್ತು. ಕೊಗ್ಗನಿಗಿಂತ ಮೊದಲು ವೀಳ್ಯ ಎತ್ತಿದವರು ಇಬ್ಬರು, ರತ್ನದ ವ್ಯಾಪಾರಿ ಮತ್ತು ದಳವಾಯಿಯ ಮಗ.

“ಕಲ್ಲಿನ ಮೈ, ಆದರೂ ಹಸಿವುಂಟು. ಕವಲುಂಟು, ಬೇರಿಲ್ಲ. ಏನದು?” ಎಂದಳು ರಾಜಕುಮಾರಿ.

“ಜಿಂಕೆಯ ಕೊಂಬು,” ಎಂದ ವ್ಯಾಪಾರಿ. ಎದುರಿಗಿದ್ದ ಕೊಳವನ್ನೇ ಅವನು ನೋಡಿರಲಿಲ್ಲ. ಭಟರು ಅವನ ಕೈ ಕಟ್ಟಿ ಮೂಲೆಗೆ ಕೂರಿಸಿದರು.

“ಹವಳ,” ಎಂದ ದಳವಾಯಿಯ ಮಗ. ಕೊಗ್ಗ ತನ್ನದೂ ಅದೇ ಉತ್ತರವೆಂದು ತಲೆಯಾಡಿಸಿದ.

“ಬೆಂಕಿಯಲ್ಲಿ ಸುಟ್ಟರೆ ಬೆಳ್ಳಗಾಗುತ್ತದೆ, ತಣ್ಣೀರು ಸೋಕಿದರೆ ಕುದಿಯುತ್ತದೆ. ಏನದು?” ಎಂದು ರಾಜಕುಮಾರಿ ಎರಡನೆಯದನ್ನು ಕೇಳಿದಳು.

ಇದು ಕೊಗ್ಗನ ಅಂಗೈ ಬೊಬ್ಬೆಗಳಿಗೇ ಗೊತ್ತಿತ್ತು. “ಸುಣ್ಣ, ತಾಯಿ,” ಎಂದ. ದಳವಾಯಿಯ ಮಗನೂ ಅದನ್ನೇ ಹೇಳಿದ.

ಮೂರನೆಯದಕ್ಕೆ ರಾಜಕುಮಾರಿಯ ದನಿ ಇಳಿಯಿತು. “ಹವಳ ಮೈ ಕಟ್ಟುವುದು ಸುಣ್ಣದಿಂದ. ಕೊಡದಿದ್ದರೆ ಸೊರಗಿ ಸಾಯುತ್ತದೆ, ಕೊಟ್ಟರೆ ಸುಟ್ಟು ಸಾಯುತ್ತದೆ. ಹೇಗೆ ಉಣಿಸಲಿ? ಉತ್ತರ ನನಗೂ ಗೊತ್ತಿಲ್ಲ.”

“ಧಾರಾಳವಾಗಿ!” ಎಂದು ದಳವಾಯಿಯ ಮಗ ಕೊಗ್ಗನ ಬುಟ್ಟಿಯಿಂದ ಹಿಡಿ ಸುಣ್ಣ ಬಾಚಿ ಎಸೆದೇಬಿಟ್ಟ. ಬಿದ್ದಲ್ಲಿ ನೀರು ಹಾಲಾಯಿತು, ಎರಡು ಮೀನು ಹೊಟ್ಟೆ ಮೇಲಾಗಿ ತೇಲಿದವು. ಅವನ ಕೈಯನ್ನೂ ಕಟ್ಟಿದರು.

ಎಲ್ಲರೂ ಕೊಗ್ಗನತ್ತ ತಿರುಗಿದರು. ಗಾಬರಿಯಲ್ಲಿ ಅವನಿಗೆ ತಿಳಿದದ್ದು ಒಂದೇ, ತನ್ನ ನಾಲಿಗೆ ಉರಿಯುತ್ತಿದೆ. ಎಲೆಗೆ ಸುಣ್ಣ ಹೆಚ್ಚಾಗಿತ್ತು.

“ತಾಯಿ, ಸುಣ್ಣ ಹೆಚ್ಚಾದರೆ ಯಾರ ಬಾಯಾದರೂ ಬೇಯುತ್ತದೆ. ಸಿಹಿನೀರಲ್ಲಿ ಕದಡಿ, ತಳ ಕೂತ ಮೇಲೆ ತಿಳಿ ಮಾತ್ರ ಬಸಿಯಬೇಕು. ಬಿಸಿಲಿಗೆ ದಿನಾ ಕೊಳ ಎಷ್ಟು ಇಳಿಯುತ್ತದೋ ಅಷ್ಟೇ ತಿಳಿ, ತೊಟ್ಟು ತೊಟ್ಟಾಗಿ.”

“ಅಮಾವಾಸ್ಯೆವರೆಗೆ ಮಾಡಿ ತೋರಿಸು,” ಎಂದ ಮಗಳ ಪಕ್ಕದಲ್ಲಿ ಕೂತಿದ್ದ ಅರಸ. “ಹವಳ ಸತ್ತರೆ ನಿನ್ನದೂ ಸೇರಿ ಮೂರು ತಲೆ.”

ತೂತಿನ ಮಡಕೆಗೆ ಬತ್ತಿ ತುರುಕಿ, ಸುಣ್ಣದ ತಿಳಿ ತುಂಬಿ ಕೊಗ್ಗ ಕೊಳದ ಮೇಲೆ ಕಟ್ಟಿದ. ಹದಿನೈದು ದಿನ ಬೆನ್ನ ಹಿಂದೆ ಕತ್ತಿಯ ಕಾವಲು. ಮಡಕೆಯ ತೊಟ್ಟು ತಡವಾದರೂ ಕೊಗ್ಗ ಓಡಿಬಂದು ಬತ್ತಿ ಸರಿಮಾಡುತ್ತಿದ್ದ.

ಅಮಾವಾಸ್ಯೆಯ ಬೆಳಗ್ಗೆ ರಾಜಕುಮಾರಿ ಬಗ್ಗಿ ನೋಡಿದಳು. ಒಂದು ಕವಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಹೊಸ ಕುಡಿ, ನಸುಗೆಂಪು. ಅವಳು ಅಲ್ಲೇ ಅತ್ತಳು.

“ಅರ್ಧ ರಾಜ್ಯ ನಿನ್ನದು. ಇನ್ನೇನಾದರೂ ಬೇಕೇ?” ಎಂದ ಅರಸ.

“ಸ್ವಲ್ಪ ಕೂರಲು ಬಿಡಿ ದೊರೆ, ಹದಿನೈದು ದಿನ ಸರಿಯಾಗಿ ಕೂತಿಲ್ಲ.” ಕೂತವನು, ತಲೆದಂಡಕ್ಕೆಂದು ಉಳಿದಿಬ್ಬರನ್ನು ತಂದು ಕೂರಿಸಿದ್ದ ಮೂಲೆಯತ್ತ ನೋಡಿದ. “ಅವರಿಬ್ಬರ ಕಟ್ಟು ಬಿಚ್ಚಿಸಿ. ಈ ಭಯ ಎಂಥದ್ದೆಂದು ನನಗೆ ಗೊತ್ತು.”

ರಾಜಕುಮಾರಿಯೇ ಹೋಗಿ ಗಂಟು ಬಿಚ್ಚಿದಳು. ಕೊಗ್ಗ ಆಳಿದ ಆ ಅರ್ಧ ರಾಜ್ಯದಲ್ಲಿ ಆಮೇಲೆ ಯಾರ ತಲೆಯೂ ಉರುಳಲಿಲ್ಲ.