ಬಣ್ಣ ಕಾಯುತ್ತಿದ್ದ ಬುಗುರಿ

ಹೊಸ ಬುಗುರಿಯೊಂದಕ್ಕೆ ಮೈಮೇಲಿನ ಕೆಂಪು, ಹಳದಿ, ಹಸಿರು ಪಟ್ಟೆಗಳೆಂದರೆ ಪ್ರಾಣ. ಸವೆದ ಹಳೇ ಚಾಟಿ ಸುತ್ತಿಕೊಳ್ಳಲು ಬಂದಾಗ ಅದು ಮೊದಲೇ ಹೇಳಿಬಿಟ್ಟಿತು: "ಅಜ್ಜಿ, ನಾನು ತಿರುಗುವುದಿಲ್ಲ. ತಿರುಗುವ ಬುಗುರಿಗಳನ್ನು ನೋಡಿದ್ದೇನೆ, ಒಂದರ ಪಟ್ಟೆಯೂ ಕಾಣುವುದಿಲ್ಲ. ಪಟ್ಟೆ ಹೋದರೆ ನಾನೇ ಹೋದ ಹಾಗೆ."

"ನಿನ್ನಿಷ್ಟ ಮಗಾ," ಎಂದು ಚಾಟಿ ಅದನ್ನು ಸುತ್ತಿ ಎಸೆಯಿತು.

ಬುಗುರಿ ಬೇಕೆಂದೇ ಅಡ್ಡ ಬಿದ್ದು ಮಲಗಿತು. ತಿರುಗದ ಬುಗುರಿಯನ್ನು ವೃತ್ತದ ನಡುವೆ ಇಟ್ಟು, ಉಳಿದ ಬುಗುರಿಗಳು ತಮ್ಮ ಮೊಳೆಯಿಂದ ಅದಕ್ಕೆ ಗುನ್ನ ಹೊಡೆಯುವುದು ಆಟದ ನಿಯಮ. ಮೊದಲ ಗುನ್ನಕ್ಕೆ ಕೆಂಪು ಕಿತ್ತುಬಂತು. ಎರಡನೆಯದಕ್ಕೆ ಹಳದಿ ಚಕ್ಕೆ ಎದ್ದಿತು.

"ಅಜ್ಜಿ, ಹಸಿರಾದರೂ ಉಳಿಯಲಿ. ಸುತ್ತು," ಎಂದು ಬುಗುರಿ ಗೋಗರೆಯಿತು.

ಚಾಟಿ ಮತ್ತೆ ಸುತ್ತಿ, ಎಸೆದು, ಸೆಳೆಯಿತು. ಬುಗುರಿ ಮೊಳೆಯ ಮೇಲೆ ನೆಟ್ಟಗೆ ನಿಂತು ಗುಂಯ್ ಎಂದಿತು. ಪಟ್ಟೆಗಳು ಮಾಯವಾದವು, ಗುನ್ನದ ಗಾಯಗಳೂ ಮಾಯವಾದವು. ಆಕಾಶ, ನೆಲ, ವೃತ್ತ ಎಲ್ಲ ಒಂದೇ ಸುತ್ತಿನಲ್ಲಿ ಕಲಸಿಹೋದವು.

"ಅಜ್ಜಿ, ನಾನೆಲ್ಲೂ ಕಾಣುತ್ತಿಲ್ಲ. ಮತ್ತೆ ಇಷ್ಟು ಜೋರಾಗಿ ನಗುತ್ತಿರುವುದು ಯಾರು?"

"ಹುಡುಕಲು ಹೋಗಬೇಡ ಮಗಾ, ಬಿದ್ದೀಯೆ."

ಬುಗುರಿ ಹುಡುಕಲಿಲ್ಲ. ದಣಿಯುವವರೆಗೂ ತಿರುಗಿ, ತೂರಾಡಿ, ಕೊನೆಗೆ ಉರುಳಿಕೊಂಡಿತು.

"ತಗೋ, ನಿನ್ನ ಹಸಿರು ಪಟ್ಟೆ ಹಾಗೇ ಇದೆ, ನೋಡಿಕೋ," ಎಂದಿತು ಚಾಟಿ.

ಬುಗುರಿ ಅತ್ತ ತಿರುಗಿಯೂ ನೋಡಲಿಲ್ಲ.

"ಅದು ಇರಲಿ ಬಿಡು ಅಜ್ಜಿ, ನೀನು ಬೇಗ ಸುತ್ತು."