ಹದಿನೆಂಟಾದ ಮೇಲೆ ಒಂಬತ್ತು

"ನಾನು ಒಂದಕ್ಷರ ಕಲಿತವನಲ್ಲ. ಆದ್ರೂ ಮೂವತ್ತು ಹಳ್ಳಿ ಆಳ್ತಿಲ್ವೇನ್ರಯ್ಯಾ?" ಎಂದು ನವಿಲುಗಲ್ಲಿನ ದೊರೆ ಚಿಕ್ಕರಂಗನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

"ಆಳ್ತಿದೀರಿ ಮಹಾಸ್ವಾಮಿ!" ಅಂದ ಪಾರುಪತ್ತೇಗಾರ ತಮ್ಮಾಜಪ್ಪ. ಹಳ್ಳಿಹಳ್ಳಿಯಿಂದ ಅರಮನೆ ಪಾಲಿನ ರಾಗಿ ಅಳೆಸಿ ತರುವುದು ಅವನ ಕೆಲಸ. "ಹಾಗಿರುವಾಗ ಮಕ್ಕಳಿಗೆ ಮಗ್ಗಿ ಕಲಿಸೋ ಐಗಳಿಗೆ, ಒಂದೊಂದು ಮಠಕ್ಕೂ ಹತ್ತು ಖಂಡುಗ ಅರಮನೆ ರಾಗಿ ಯಾಕೆ? ಕಲಿಯೋರು ಅವರು, ಕಳ್ಕೊಳ್ಳೋರು ನಾವು. ಬೇಕಾದವರು ತಾವೇ ಕೊಟ್ಟು ಕಲೀಲಿ."

"ಭಲೆ! ಮಠಗಳನ್ನೆಲ್ಲ ಮುಚ್ಚಿಸು."

ಆಸ್ಥಾನದ ವಿದೂಷಕ ಹೊನ್ನಯ್ಯನಿಗೆ ಸಿಟ್ಟು ನೆತ್ತಿಗೇರಿತು. ಅವನು ಕುರಿ ಕಾಯುವವಳ ಮಗ. ಅಂಥದೇ ಒಂದು ಮಠದ ಮರಳಿನಲ್ಲಿ ಅಕ್ಷರ ತಿದ್ದಿ ಸಭೆಯವರೆಗೆ ಬಂದವನು. ಕೊಟ್ಟು ಕಲಿಯಬೇಕಾಗಿದ್ದರೆ ಇವತ್ತಿಗೂ ಕುರಿಯ ಹಿಂದೆಯೇ ಇರುತ್ತಿದ್ದ. ಆದರೆ ದೊರೆಯ ಮುಂದೆ ಸಿಟ್ಟು ನಡೆಯುತ್ತದೆಯೇ? ಹಲ್ಲು ಕಚ್ಚಿಕೊಂಡು ನಕ್ಕ.

"ಎರಡು ದಿನ ತಡೀರಿ ಮಹಾಸ್ವಾಮಿ. ಮಾರುವೇಷದಲ್ಲಿ ನನ್ನ ಜೊತೆ ಎರಡು ಕಣ ನೋಡಿ ಬನ್ನಿ. ಆಮೇಲೆ ಬೇಕಾದ್ರೆ ಮುಚ್ಚಿ."

"ಕೊಟ್ಟ ರಾಗಿ ವಾಪಸ್ ಬಂದದ್ದು ತೋರಿಸ್ತೀಯಾ?"

"ತೋರಿಸದಿದ್ರೆ ತಲೆ ಬೋಳಿಸಿ ಕತ್ತೆ ಮೇಲೆ ಕೂರಿಸಿ."

ಮೊದಲ ದಿನ ಸೀಗೆಹಟ್ಟಿ. ಅಲ್ಲಿ ಮಠವಿಲ್ಲ, ಎಣಿಕೆ ಬಲ್ಲವರೂ ಇಲ್ಲ. ರೈತರು ಅರಮನೆಯ ರಾಶಿಯನ್ನು ಬೇರೆ ಮಾಡಿಟ್ಟಿದ್ದರು. ತಮ್ಮಾಜಪ್ಪನ ಆಳು ಕೊಳಗ ಹಿಡಿದು ರಾಗವಾಗಿ ಅಳೆಯತೊಡಗಿದ. ಮೊದಲ ಕೊಳಗಕ್ಕೆ ಒಂದು ಅನ್ನಬಾರದಲ್ಲ, "ಲಾಭಾ... ಎರಡೂ... ಮೂರೂ..." ಇಪ್ಪತ್ತು ಕೊಳಗವಾದರೆ ಒಂದು ಖಂಡುಗ, ಗುರುತಿಗೆ ಒಂದು ಕಲ್ಲು.

"ಹದಿನೇಳೂ... ಹದಿನೆಂಟೂ... ಅಲ್ಲಾ ಯಜಮಾನ್ರೇ, ನಿಮಗೆಷ್ಟು ಮಕ್ಕಳು?"

ಕಂಬಳಿ ಹೊದ್ದು ಕೂತಿದ್ದ ದೊರೆ ಹೆಮ್ಮೆಯಿಂದ, "ಎಂಟು!" ಅಂದ.

"ಪುಣ್ಯವಂತರು! ಒಂಬತ್ತೂ... ಹತ್ತೂ..."

ಆಳು ಹಾಗೇ ಇಪ್ಪತ್ತು ಮುಟ್ಟಿಸಿ ಕಲ್ಲಿಟ್ಟ. ಪ್ರತಿ ಖಂಡುಗಕ್ಕೂ ಹದಿನೆಂಟು ಬಂತೆಂದರೆ ಅವನಿಗೆ ಯಾರದೋ ಎಂಟರ ನೆನಪು. ಯಾರ ಮನೆಯ ಎಮ್ಮೆ, ಯಾರ ಮೊಮ್ಮಕ್ಕಳು! ದೊರೆಗೂ ಮಾತಿನ ಮಜಾ ಹತ್ತಿತು. ಹೊನ್ನಯ್ಯ ಮಾತ್ರ ಬೆರಳ ಗೆಣ್ಣು ಎಣಿಸುತ್ತಿದ್ದ. ಕೊನೆಗೆ ಕಲ್ಲು ಮೂವತ್ತಾದವು. ರಾಗಿ ತುಂಬಿದ ಗಾಡಿಗಳು ಹೊರಟಾಗ ಅವು ಹಿಡಿದ ದಾರಿಯನ್ನೂ ಹೊನ್ನಯ್ಯ ನೋಡಿಕೊಂಡ.

ಮರುದಿನ ಕೋಡಿಪಾಳ್ಯ. ರಾಶಿ ಅಷ್ಟೇ ದೊಡ್ಡದು, ಆಳೂ ಅವನೇ. ಆದರೆ ಅಲ್ಲಿ ಮಠವಿತ್ತು. ತಮ್ಮ ಐಗಳಿಗೆ ರಾಗಿ ಬರುವ ದಿನವೆಂದು ಮಕ್ಕಳೆಲ್ಲ ಕಣದ ಸುತ್ತ ಕೂತು ತಾವೂ ರಾಗ ಎಳೆಯುತ್ತಿದ್ದರು.

"ಹದಿನೆಂಟೂ... ಗೌಡ್ರೇ, ಮನೇಲಿ ಎತ್ತೆಷ್ಟು?"

"ಎಂಟು."

"ಒಂಬ..."

"ಹತ್ತೊಂಬತ್ತೂ!" ಮಕ್ಕಳು ಕಣವೇ ಹಾರಿಹೋಗುವಂತೆ ಕಿರುಚಿದರು. ಒಬ್ಬ ಹುಡುಗಿ ಎದ್ದೇ ನಿಂತಳು: "ಮಾವಾ, ಎಣಿಸೋಕೆ ಬರಲ್ವಾ? ನಮ್ಮ ಮಠಕ್ಕೆ ಬಾ!"

ದೊರೆ ಹೊಟ್ಟೆ ಹಿಡಿದು ನಕ್ಕ. ನಗುತ್ತ ನಗುತ್ತಲೇ ಮುಖ ಕಪ್ಪಿಟ್ಟಿತು. "ಲೋ ಹೊನ್ನಯ್ಯ, ನಿನ್ನೆ ನಾನು ಎಂಟು ಅಂದ್ನಲ್ಲೋ!"

"ಅಂದ್ರಿ ಮಹಾಸ್ವಾಮಿ. ಹದಿನೆಂಟಾದ ಮೇಲೆ ಒಂಬತ್ತು ಬಂತು. ಮೂವತ್ತು ಕೊಳಗ ಹೋಗಿ ಇಪ್ಪತ್ತರ ಕಲ್ಲು ಬಿತ್ತು. ನಿನ್ನೆ ರಾಶಿ ನಲವತ್ತೈದು ಖಂಡುಗ. ಅರಮನೆಗೆ ಬಂದದ್ದು ಮೂವತ್ತು. ಉಳಿದ ಹದಿನೈದು ಹೊತ್ತ ಗಾಡಿಗಳು ತಮ್ಮಾಜಪ್ಪನ ಹಿತ್ತಿಲಿಗೆ ತಿರುಗಿದವು."

ಇಲ್ಲಿ ಕಲ್ಲು ಸರಿಯಾಗಿ ನಲವತ್ತೈದು ಬಿದ್ದವು. ಐಗಳಿಗೆ ಹತ್ತು ಕೊಟ್ಟ ಮೇಲೂ ದೊರೆಗೆ ಮೂವತ್ತೈದು.

ಸಭೆಯಲ್ಲಿ ತಮ್ಮಾಜಪ್ಪನ ಮುಂಡಾಸು ಇಳಿಯಿತು, ಅಧಿಕಾರವೂ ಇಳಿಯಿತು. ದೊರೆ ಹೊನ್ನಯ್ಯನ ಕಡೆ ತಿರುಗಿದ. ಸೋತರೂ ಜಿಪುಣತನ ಬಿಡಬೇಕಲ್ಲ!

"ಆಯ್ತಪ್ಪಾ, ಇರೋ ಮಠ ಇರಲಿ. ಆದ್ರೆ ಇಲ್ಲದ ಊರಿಗೂ ಹೊಸದಾಗಿ ಕೊಡಿ ಅಂತ ಗಂಟು ಬೀಳಬೇಡ. ಅರಮನೆಗೆ ತಡೆಯೋಲ್ಲ."

"ಹೊಸದಾಗೇನಲ್ಲ ಮಹಾಸ್ವಾಮಿ," ಹೊನ್ನಯ್ಯ ಕೈಮುಗಿದ. "ಮಠ ಇಲ್ಲದ ಊರಿಗೆ ಆಗಲೇ ಹದಿನೈದು ಕೊಡ್ತಿದೀರಿ. ನಾನು ಕೇಳ್ತಿರೋದು ಬರೀ ಹತ್ತು!"

ದೊರೆ ಸಿಂಹಾಸನ ಅಲ್ಲಾಡುವಂತೆ ನಕ್ಕ. "ಯಾರಲ್ಲಿ! ತಮ್ಮಾಜಪ್ಪ ಹಿತ್ತಿಲಲ್ಲಿ ರಾಗಿ ಹೂತಿಟ್ಟ ಹಗೇವು ಅಗೀರಿ. ಆ ರಾಗಿ ಮುಗಿಯೋವರೆಗೂ ಊರಿಗೊಂದು ಮಠ ಕಟ್ಟಿ!"